ನೆಲ ಡೊಂಕು

ಗ್ರಿಮ್ಸ್‌ಬಿಯ ಫ್ರೀಮನ್ ಬೀದಿಯ ದಾನದಂಗಡಿಯಲ್ಲಿ
ಒಂಟಿ ಕೈಗವಸು, ಕಿವಿ ಮುರಿದ ಕಪ್ಪುಗಳ ನಡುವೆ
ಐವತ್ತು ಪೆನ್ಸಿಗೆ ಸಿಕ್ಕಿದ್ದು ಈ ಡಿಸ್ಕು:
'ಬ್ರೇವ್ ಫೈರ್‌ಮನ್ ಮೂರು'.
ಒಂದು, ಎರಡು ಇದ್ದದ್ದನ್ನು ಕಂಡವರಿಲ್ಲ.
ಗಲ್ಲಾದ ಮುದುಕಿ ಕನ್ನಡಕದ ಮೇಲಿಂದ ನೋಡಿ
'ನಿಜವಾಗಲೂ ಬೇಕೇನಮ್ಮ?' ಅಂದಳು.
ಬೇಕಿತ್ತು.

ಗುರುವಾರ ಅಮ್ಮನಿಗೆ ರಾಯರ ದಿನ,
ಇಲ್ಲಿ ನಮಗೆ ಕೆಟ್ಟ ಆಟಗಳದು.
ಒಳ್ಳೆಯ ಆಟಗಳಲ್ಲಿ ಹುಲ್ಲಿನ ಎಸಳೆಸಳೂ ಗಾಳಿಗೆ ಬಾಗುತ್ತದೆ,
ಕುದುರೆಯ ಮೂಗಿನಲ್ಲಿ ಹಬೆ,
ಕಣ್ಣೀರ ಹನಿಗೂ ಅದರದೇ ನೆರಳು.
ಆಹಾ ಅನ್ನುತ್ತೇವೆ. ಆಕಳಿಸುತ್ತೇವೆ.

ನಮ್ಮ ಫೈರ್‌ಮನ್ನಿಗೆ ಮೊಣಕಾಲಿಲ್ಲ.
ಬಿಜಾಗರಿ ಕಳಚಿದ ಬಾಗಿಲು
ತಾನೇ ಎದ್ದು ಹೊರಟಂತೆ ಅವನ ನಡಿಗೆ.
ಬೆಂಕಿಯೋ, ಗೋಡೆಗೆ ಅಂಟಿಸಿದ ಕಿತ್ತಳೆ ಕಾಗದ;
ಪಕ್ಕಕ್ಕೆ ಸರಿದು ನೋಡಿದರೆ ಬೆಂಕಿಯೇ ಮಾಯ.
ಪೈಪು ಹಿಡಿದರೆ ನೀರು ಮೊಣಕೈಯಿಂದ ಚಿಮ್ಮಿ
ಆಕಾಶಕ್ಕೆ ಅರ್ಘ್ಯ.
ಮರದ ಮೇಲಿನ ಬೆಕ್ಕು ಬೊಗಳುತ್ತದೆ.
ಕಿಟಕಿಯ ಹೆಂಗಸು 'ಕಾಪಾಡಿ' ಅನ್ನುವ ದನಿ ಗಂಡಸಿನದು,
ಅದೂ ಈಗತಾನೆ ಊಟ ಮುಗಿಸಿದ ಗಂಡಸಿನದು.
ಇಕೆನ್ನಾ ನಗುನಗುತ್ತಾ ಸೋಫಾದಿಂದ ಜಾರಿದ.
ಹೇಝಲ್‌ಗೆ ಬಿಕ್ಕಳಿಕೆ.

ಎರಡನೆಯ ಹಂತ. ಅಡುಗೆಮನೆಗೆ ಕಾಲಿಟ್ಟ, ಅಷ್ಟೆ.
ಟೈಲುಗಳ ಚಿತ್ರವಿತ್ತು, ನೆಲ ಇರಲಿಲ್ಲ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ:
ಶಾಲಾ ದಿನಾಚರಣೆಯಲ್ಲಿ ನನ್ನ ಕೋಲಾಟ ಕಂಡು
ಸೋದರತ್ತೆ ಅಂದದ್ದು, ಮೂರು ಸಾಲು ಕುರ್ಚಿಗೆ ಕೇಳುವಂತೆ.
ಅತ್ತೇ, ಬಾ, ನೋಡು,
ನೆಲವೇ ಡೊಂಕಿರುವ ಊರೊಂದು ಸಿಕ್ಕಿದೆ ನನಗೆ!

ಮನೆಯ ತಳ ದಾಟಿದ, ಬೀದಿಯ ತಳ ದಾಟಿದ,
ಬೇರಿಲ್ಲದ ಮರಗಳ ಬುಡ ದಾಟಿದ,
ಆಮೇಲೆ ಬರೀ ನೀಲಿ.
ನಾವು ಚಹಾ ಕಾಸಿ, ಬಿಸ್ಕತ್ತು ಹುಡುಕಿ,
ಹಾಲು ಮುಗಿಸಿದವರಾರೆಂದು ಜಗಳವಾಡಿ ಬಂದರೂ
ಬೀಳುತ್ತಲೇ ಇದ್ದ,
ಕೈ ಸೊಂಟದ ಮೇಲೆ, ಮುಖದಲ್ಲಿ ಅದೇ ಧೈರ್ಯ.

ಹಿಂದಿನ ಪುಟದಲ್ಲಿ ಆಟ ಕಟ್ಟಿದವರ ಪಟ್ಟಿ.
ಚಿತ್ರ, ಸಂಗೀತ, ಬೆಂಕಿ, ಹೆಂಗಸಿನ ದನಿ,
ಎಲ್ಲಕ್ಕೂ ಒಬ್ಬನದೇ ಹೆಸರು.
ಕೊನೆಯಲ್ಲಿ, ತಪ್ಪು ಕಾಗುಣಿತದಲ್ಲಿ,
ನಾಯಿಗೆ ಕೃತಜ್ಞತೆ.
ಅದನ್ನೋದಿ ಯಾಕೋ ಯಾರೂ ನಗಲಿಲ್ಲ.

ಹಗಲು ನನ್ನ ಕೆಲಸ ಬಿದ್ದವರನ್ನು ನಡೆಸುವುದು.
ಮೂರನೆಯ ಮಹಡಿ, ಸೊಂಟ ಮುರಿದವರ ವಾರ್ಡು.
ಹಿಮ್ಮಡಿ ಮೊದಲು. ಆಮೇಲೆ ಬೆರಳು. ಉಸಿರು ಬಿಡಿ.
ನಲವತ್ತು ವರ್ಷ ಮೀನು ಹಡಗಿನಲ್ಲಿ ದುಡಿದು
ಉತ್ತರ ಸಮುದ್ರಕ್ಕೆ ಬೀಳದ ಥ್ವೇಟ್
ಬಚ್ಚಲ ಚಾಪೆಗೆ ಬಿದ್ದಿದ್ದ.
ವಾಕರ್ ಹಿಡಿದು, ಮೊಣಕಾಲು ಮಡಿಸದೆ
ಬಾಗಿಲಿನಂತೆ ಹೊರಟದ್ದೇ ತಡ,
ಅಯ್ಯೋ, ನನಗೆ ನಗು.
ಕೆಮ್ಮಿ ಮುಚ್ಚಿದೆ. ಮುಚ್ಚಲಿಲ್ಲ ಅದು.
'ಏನಂಥ ತಮಾಷೆ?' ಮುದುಕ ನಿಂತ.
ಕೆಲಸ ಹೋದರೆ ಹೋಗಲೆಂದು ಎಲ್ಲ ಹೇಳಿಬಿಟ್ಟೆ:
ಬೊಗಳುವ ಬೆಕ್ಕು, ಮೊಣಕೈ ನೀರು, ತಳವಿಲ್ಲದ ಅಡುಗೆಮನೆ.
ಬಹಳ ಹೊತ್ತು ಯೋಚಿಸಿ ಅಂದ:
'ನಮ್ಮ ಬಚ್ಚಲಲ್ಲೂ ಅದೇ ಆದದ್ದು.
ಯಾರೋ ನೆಲ ಹಾಕಲು ಮರೆತಿದ್ದರು.'

ಈಗ ಮಂಗಳವಾರ ಮಧ್ಯಾಹ್ನ ವಾರ್ಡಿನ ಟಿವಿ ಅವನದು.
ಬೆಂಕಿ ಆರಿಸುವ ಗೊಡವೆಯೇ ಇಲ್ಲ,
ಸೀದಾ ಅಡುಗೆಮನೆಗೆ ನಡೆಸುತ್ತಾನೆ.
ಒಮ್ಮೆ ನೀಲಿಯನ್ನೇ ನೋಡುತ್ತಾ
'ಕೆಳಗಿಂದ ಹೀಗೇ ಕಾಣಿಸಿರಬೇಕು ಡೆನಿಸ್‌ಗೆ' ಅಂದ.
ಯಾರು ಡೆನಿಸ್, ನಾನು ಕೇಳಲಿಲ್ಲ.
ಮರುಕ್ಷಣ ಬಿಸ್ಕತ್ತು ಬೇಡಿದ, ಶುಂಠಿಯದೇ ಆಗಬೇಕೆಂದ.

'ಏಳಿ,' ಅಂದೆ, 'ಹತ್ತು ಹೆಜ್ಜೆ ಬಾಕಿ ಇದೆ.'
ಎದ್ದ. ಎಣಿಸಿದ. ಆರನೆಯದಕ್ಕೆ ನಿಂತು,
ತಿರುಗಲಾರದ ಕತ್ತು ತಿರುಗಿಸಲು ಹೋಗಿ, ಸೋತು,
'ನೋಡು ಹುಡುಗಿ,' ಅಂದ,
'ಇನ್ನೂ ಬೀಳ್ತಾ ಇದ್ದಾನಾ ಅವನು?'