ಹಿನ್ನಡೆ

ಎಂಜಿನ್ ಆರಿಸಬೇಡ. ಬ್ರೇಕಿನ ಗುಂಡಿ ಎರಡನ್ನೂ ಎಳೆ.
ಲಾರಿ ಉಸ್ಸೆಂದಿತಲ್ಲ, ನೀನೂ ಉಸಿರು ಬಿಡು.
ಕಿಟಕಿ ಇಳಿಸು. ಚಳಿಯೇನೂ ಕಚ್ಚುವುದಿಲ್ಲ
(ಸುಳ್ಳು, ಕಚ್ಚುತ್ತದೆ, ಇದು ಜನವರಿಯ ನೆಬ್ರಾಸ್ಕಾ)
ಆದರೂ ಇಳಿಸು. ಕಿವಿಯೂ ಒಂದು ಕನ್ನಡಿಯೇ.

ಟ್ರೆವಾನ್ ಅಂತ ಜಾಕೆಟ್ಟಿನ ಮೇಲಿದೆ, ನಿನ್ನದೇ ಹೆಸರು ತಾನೆ?
ನಾನು ಓಪಲ್. ನಿನ್ನ ಹಿಂದೆ ಸರದಿಯಲ್ಲಿರುವ ಹಸಿರು ಲಾರಿ ನನ್ನದು.
ಇಲ್ಲ, ಬೈಯಲು ಬಂದಿಲ್ಲ.
ನಲವತ್ತು ನಿಮಿಷದಿಂದ ನೋಡುತ್ತಿದ್ದೇನೆ:
ಪೆಟ್ಟಿಗೆಗೆ ನೀನು ಹದಿನಾಲ್ಕನೇ ಬಾಗಿಲು ತೋರಿಸುತ್ತೀ,
ಅದು ಹದಿಮೂರಕ್ಕೆ ಮನಸ್ಸು ಕೊಡುತ್ತದೆ.

ಬೇಲಿಗೊರಗಿ ಮೂವರು, ಕಾಫಿ ಲೋಟ ಹಿಡಿದು,
ಒಬ್ಬ ನಿನ್ನನ್ನು ಫೋನಿನಲ್ಲಿ ತುಂಬಿಕೊಳ್ಳುತ್ತಿದ್ದಾನೆ.
ದಡದಲ್ಲಿ ನಿಂತವರಿಗೆಲ್ಲ ಈಜು ಬರುತ್ತದೆ.
ಆ ಕೆಂಪು ಟೋಪಿಯವನು ಹೋದ ವಾರ ಸಲೈನಾದಲ್ಲಿ
ಕಸದ ತೊಟ್ಟಿಯೊಂದನ್ನು ಅಡ್ಡ ಮಲಗಿಸಿ ಬಂದ.
ಅದರ ಚಿತ್ರ ಯಾರ ಫೋನಿನಲ್ಲೂ ಇಲ್ಲ.
ರೇಡಿಯೋ ಬಂದ್ ಮಾಡು.

ಈಗ ಕೇಳು.
ಕೈಯನ್ನು ಸ್ಟೀರಿಂಗಿನ ತಳಕ್ಕೆ ತಾ, ಆರು ಗಂಟೆಯ ಮುಳ್ಳಿನ ಜಾಗಕ್ಕೆ.
ಬಾಲ ಎತ್ತ ಹೋಗಬೇಕೋ ಕೈ ಅತ್ತ. ಅಷ್ಟೆ.
ಇಷ್ಟನ್ನೇ ಶಾಲೆಯಲ್ಲಿ ನಾಲ್ಕು ಸಾವಿರ ಡಾಲರ್ ಕಟ್ಟಿಸಿಕೊಂಡು
ಗೋಜಲು ಮಾಡಿ ಹೇಳಿರುತ್ತಾರೆ.
ಚೂರೇ ತಿರುಗಿಸು. ಪೆಟ್ಟಿಗೆಗೆ ಮಾತು ತಡವಾಗಿ ಕೇಳುತ್ತದೆ,
ಕಿವಿ ಮಂದವಾದ ನನ್ನ ಮಾವನ ಹಾಗೆ;
ಉತ್ತರ ಬರಲಿಲ್ಲವೆಂದು ಮತ್ತೆ ಕೂಗಿದೆಯೋ,
ಎರಡು ಕೂಗಿಗೂ ಸೇರಿಸಿ ಒಮ್ಮೆಲೇ ಎದ್ದು ಬರುತ್ತಾನೆ.
ಅದು ಬಾಗತೊಡಗಿದ ಮೇಲೆ ಕೈ ಸಡಿಲಿಸಿ
ಮೂತಿಯನ್ನು ಅದರ ಬೆನ್ನಿಗೆ ಬಿಡು, ಹಿಂಬಾಲಿಸಲಿ.

ಸೊಟ್ಟಗಾಯಿತೇ? ಮುಂದಕ್ಕೆಳೆ.
ಮುಂದಕ್ಕೆಳೆಯುವುದಕ್ಕೆ ಸುಂಕವಿಲ್ಲ.
ಅನುಮಾನ ಬಂತೇ? ನಿಲ್ಲಿಸು, ಗುಂಡಿ ಎಳೆ, ಇಳಿ, ನಡೆ, ನೋಡು.
ನೆಲ ನೋಡು, ಸೂರಿನ ಅಂಚು ನೋಡು,
ಬಲಗಡೆಯ ಕುರುಡು ಮಗ್ಗುಲಿಗೆ ಹೋಗಿ ನಿಂತು ನೋಡು.
ಹತ್ತು ಸಲ ಇಳಿದವನ ಮೊಣಕಾಲು ನೋಯುತ್ತದೆ,
ಇಳಿಯದವನ ಕಥೆಯನ್ನು ವಿಮೆಯವರು ಬರೆಯುತ್ತಾರೆ.

ನನ್ನದನ್ನೂ ಬರೆದಿದ್ದಾರೆ. ತೊಂಬತ್ತೆಂಟನೇ ಇಸವಿ, ಅಮರಿಲೋ,
ಒಂಟಿಯಾಗಿ ಓಡಿಸಿದ ನಾಲ್ಕನೇ ವಾರ. ಒಂದು ದೀಪದ ಕಂಬ.
ಬಿದ್ದ ಸದ್ದು ಕೂಡ ಕೇಳಲಿಲ್ಲ. ಕತ್ತಲಾಯಿತು,
ಯಾರೋ ಹಿಂದಿನಿಂದ ಬಂದು ಕಣ್ಣು ಮುಚ್ಚಿದ ಹಾಗೆ.
ನಾಣ್ಯದ ಫೋನಿನಿಂದ ಅಕ್ಕನಿಗೆ ಹೇಳಿದೆ:
ಬಸ್ಸು ಹತ್ತಿ ಬರುತ್ತೇನೆ, ಮುಗಿಯಿತು.
ಲಾರಿಯಲ್ಲಿ ಏನು ತುಂಬಿದೆ? ಎಂದಳು.
ಈರುಳ್ಳಿ.
ಈರುಳ್ಳಿ ಯಾರು ಇಳಿಸುತ್ತಾರೆ ಹಾಗಾದರೆ?
ಸಮಾಧಾನದ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ.
ಹೋಗಿ ಇಳಿಸಿದೆ.

ಇಟ್ಟ ಹೆಜ್ಜೆ ಹಿಂದಿಡಬೇಡ ಎಂದವರು ಯಾರೋ,
ಐವತ್ತಮೂರು ಅಡಿಯ ಪೆಟ್ಟಿಗೆ ಎಳೆದವರಂತೂ ಅಲ್ಲ.
ಸಾವಿರ ಮೈಲಿ ಮುಂದೆ ಓಡಿದ್ದಕ್ಕೆ ಕೂಲಿ ಹುಟ್ಟುವುದು
ಕೊನೆಯ ಅರವತ್ತಡಿಯ ಹಿನ್ನಡೆಯಲ್ಲಿ.

ಬಾ. ನಿಧಾನ. ಬಾ.
ಕನ್ನಡಿಯಲ್ಲಿ ನನ್ನ ಟಾರ್ಚು ಕಾಣದಿದ್ದರೆ ನಿಲ್ಲು,
ನಿನ್ನ ಚಕ್ರದಡಿ ಸಾಯಲು ನನಗೆ ಬಿಡುವಿಲ್ಲ.
ಬಾ, ಬಾ, ಉಹೂಂ, ಮುಂದಕ್ಕೆಳೆ.
ಹೂಂ. ಈಗ ಬಾ.

ಧಪ್. ರಬ್ಬರಿಗೆ ತಾಗಿತು.

ಗೇಣಗಲ ಎಡಕ್ಕೆ ವಾಲಿದೆ. ಇರಲಿ,
ಒಳಗಿರುವ ಹೆಪ್ಪುಗಟ್ಟಿದ ಕೋಳಿಗಳಿಗೆ ಅದು ತಿಳಿಯದು.
ನೋಡು, ಗೋಡೆಯ ಹಸಿರು ದೀಪ ಕೆಂಪಾಯಿತು.
ಕೈ ನಡುಗಿದರೆ ನಡುಗಲಿ,
ಆ ಕಾಗದದ ಮೇಲಿನ ಸಹಿಯನ್ನು ಹೇಗೂ ಯಾರೂ ಓದುವುದಿಲ್ಲ.

ಮಲಗಲು ಹೊರಟೆಯಾ? ಇರು, ಈ ಟಾರ್ಚು ಹಿಡಿ.
ನನಗೆ ಹದಿನಾರನೇ ಬಾಗಿಲಂತೆ, ಕುರುಡು ಮಗ್ಗುಲಿನದು.
ಇಪ್ಪತ್ತೇಳು ವರ್ಷವಾಯಿತು.
ಮೂರು ಸಲವಾದರೂ ಇಳಿಯುತ್ತೇನೆ,
ಎಣಿಸುತ್ತಿರು.