ಬರುವ ಕಾರಣ

ಮೊದಲು ವಿಮಾನ ಹುಡುಕಿದಳು ಸೆಲೆಫಿನಾ.
ಇಲ್ಲ ಮಗಾ, ಅಂದೆ, ನುಕುನೊನುವಿಗೆ ಆಕಾಶದ ದಾರಿಯಿಲ್ಲ.
ವಿಮಾನ ಇಳಿಯುವಷ್ಟು ನೆಲ ಇದ್ದಿದ್ದರೆ
ಅಲ್ಲೇ ಇನ್ನೊಂದು ಮನೆ ಕಟ್ಟುತ್ತಿದ್ದೆವು,
ಪೊರಿರುವಾದ ಈ ಚಳಿಗೆ ಯಾಕೆ ಬರುತ್ತಿದ್ದೆವು?

ಅಪಿಯಾದವರೆಗೆ ವಿಮಾನ. ಆಮೇಲೆ ಹಡಗು,
ಹದಿನೈದು ದಿನಕ್ಕೊಂದು,
ಅದೂ ಕಡಲು ಹೂಂ ಅಂದರೆ, ಎಂಜಿನ್ನಿನ ಮೈ ನೆಟ್ಟಗಿದ್ದರೆ.
ಒಂದು ರಾತ್ರಿ, ಒಂದು ಹಗಲು, ಮತ್ತೊಂದು ಚೂರು ರಾತ್ರಿ.
ಮೂರು ಹವಳದ ಬಳೆಗಳು, ನಮ್ಮದು ನಡುವಿನದು.
ಲಂಗರಿಗೆ ತಳವೇ ಸಿಗದ ಆಳದಲ್ಲಿ
ಹಡಗು ತೂಗಾಡುತ್ತ ಕಾಯುತ್ತದಂತೆ,
ಕೆಳಗೆ ಚಪ್ಪಟೆ ದೋಣಿ ಏರುತ್ತ ಇಳಿಯುತ್ತ,
ಯಾರೋ "ಈಗ!" ಅಂದಾಗ ಕಾಲೆತ್ತಿ ಇಡಬೇಕಂತೆ.
ಅದನ್ನು ಕೇಳಿದ ನನ್ನ ಅರವತ್ತಾರರ ಮಂಡಿ
ರಾತ್ರಿಯೆಲ್ಲ ಗೊಣಗಿತು.

ಊರ ಹಿರಿಯರಿಗೆ ಅರ್ಜಿ.
ಹೆಸರು: ಬರೆದೆ. ಹುಟ್ಟಿದ ಊರು: ನಿಮ್ಮದೇ.
ಎಷ್ಟು ದಿನ: ಹಡಗು ಬಿಟ್ಟಷ್ಟು.
ಬರುವ ಕಾರಣ:
ಅಲ್ಲಿ ಪೆನ್ನು ನಿಂತಿತು.
ತವರಿಗೆ ಹೊರಟವಳು ಕಾರಣ ಬರೆಯುವುದುಂಟೆ?

"ನೆಂಟರ ಭೇಟಿ ಅಂತ ಹಾಕಲಾ?" ಅಂದಳು ಸೆಲೆಫಿನಾ.
ಯಾವ ನೆಂಟರು?
ಬಿರುಗಾಳಿ ಮರಗಳ ತಲೆ ತೆಗೆದ ವರ್ಷ
ಏಳರ ನನ್ನನ್ನು ಹಡಗಿಗೆ ಎತ್ತಿಕೊಟ್ಟ ಕೈಗಳು
ಒಂದೊಂದಾಗಿ ಬಿಳಿ ಮರಳಿನ ಕೆಳಗೆ ಸೇರಿದವು.
ಉಳಿದವನು ಫಲನಿಕೊ ಒಬ್ಬ,
ಊರ ಮೀನನ್ನು ಮನೆಮನೆಗೆ ಎಣಿಸಿ ಹಂಚುವವನು.

ಕೊನೆಗೆ ಬರೆದೆ: ಅಪ್ಪನ ತುಲುಮ ಹಿಂದಿರುಗಿಸಲು.

"ತುಲುಮ ಅಂದರೆ?"
ಕಪಾಟಿನಿಂದ ಇಳಿಸಿದೆ. ಮರದ ಡಬ್ಬಿ, ಬಿಗಿ ಮುಚ್ಚಳ.
ದೋಣಿ ಮಗುಚಿದರೂ ಇದು ಮುಳುಗಬಾರದು,
ಒಳಗಿನ ಗಾಳ, ಬೆಂಕಿಪೊಟ್ಟಣ ಒದ್ದೆಯಾಗಬಾರದು.
ನಾನು ನಲವತ್ತು ವರ್ಷ ರಾತ್ರಿಪಾಳಿಯಲ್ಲಿ ಒರೆಸಿದ
ಆಫೀಸುಗಳ ಬೀಗದಕೈ ಇದರಲ್ಲಿಟ್ಟಿದ್ದೆ.
ಈಗ ಗುಂಡಿಗಳಿವೆ, ಒಂದು ಹಳೇ ಬಸ್ ಪಾಸು.

ಹುಡುಗಿ ಮಾತಾಡಲಿಲ್ಲ. ಹೋಗಿ ಸ್ನಾನದ ತೊಟ್ಟಿ ತುಂಬಿಸಿದಳು.
ಅಜ್ಜಿ ಮೊಮ್ಮಗಳು ಇಬ್ಬರೂ ಮಂಡಿಯೂರಿ
ಡಬ್ಬಿಯನ್ನು ನೀರಿಗೆ ಬಿಟ್ಟೆವು.
ಮಗುಚಿತು. ಒಂದು ಸುತ್ತು ಹಾಕಿತು. ತೇಲಿತು.
ಬಸ್ ಪಾಸು ಒಣಗಿಯೇ ಇತ್ತು.

ಗಂಟು ಕಟ್ಟುವುದೇ ಒಂದು ತಿಂಗಳು:
ಓದುವ ಕನ್ನಡಕ ನಾಲ್ಕು ಜೊತೆ, ಯಾರ ಕಣ್ಣಿಗೆ ಹೊಂದುತ್ತೋ ಅವರಿಗೆ,
ತುಕ್ಕು ಹಿಡಿಯದ ಮೊಳೆ, ಈರುಳ್ಳಿ,
ಯಾರದೋ ದೋಣಿಯ ಮೋಟಾರಿಗೆ ಒಂದು ಫ್ಯಾನು.
ಚೀಲ ಅಪ್ಪಿಕೊಂಡು ತಕ್ಕಡಿ ಹತ್ತಿದೆ.
ನನ್ನನ್ನು ಕಳೆದರೆ ಹತ್ತೊಂಬತ್ತು ಕಿಲೋ.
ಇನ್ನೂ ನಾಲ್ಕು ಕಡಿಮೆ ಮಾಡು, ಅಂದಳು.
ನನ್ನಲ್ಲೋ ಚೀಲದಲ್ಲೋ, ಹೇಳಲಿಲ್ಲ.

ಹೊರಡಲು ಆರು ದಿನವಿದ್ದಾಗ ಹಡಗು ಕೆಟ್ಟಿತು.
ಗುರುವಾರ ಫಲನಿಕೊ ಫೋನು,
ಅವನ ದನಿಗಿಂತ ಹಿಂದಿನ ಕೋಳಿಯ ದನಿಯೇ ಜೋರು.
"ತುಲುಮ ತರುವುದೇನೂ ಬೇಡ ಕಣೇ,
ಇಲ್ಲಿ ಎಲ್ಲರ ಹತ್ತಿರ ಪ್ಲಾಸ್ಟಿಕ್ ಡಬ್ಬಿ ಇದೆ.
ಈರುಳ್ಳಿ ಮಾತ್ರ ಮರೀಬೇಡ.
ಹಾಂ, ಮಂಗಳವಾರ ಮೀನು ಹಂಚಿದೆವು.
ನೀನು ಬರ್ತೀ ಅಂತ ನಿನ್ನ ತಲೆಯೂ ಎಣಿಸಿಯಾಗಿತ್ತು.
ಎರಡು ಬಂತು ನಿನಗೆ.
ಸಂಜೆವರೆಗೆ ಎಲೆಯ ಮೇಲೆ ಇಟ್ಟಿದ್ದೆ.
ಆಮೇಲೆ ಪಕ್ಕದ ಮನೆ ಹುಡುಗ ತಿಂದ."

ಯಾವ ಮೀನು, ಕೇಳಿದೆ.

ಹೇಳಿದ.
ಇಲ್ಲಿನ ಮಾರುಕಟ್ಟೆಯ ಮಂಜುಗಡ್ಡೆಯ ಮೇಲೆ
ಆ ಹೆಸರು ಒಂದು ದಿನವೂ ಮಲಗಿದ್ದಿಲ್ಲ.
ಸೆಲೆಫಿನಾ, ಬರೆದುಕೋ, ಅಂದೆ.
ಪೆನ್ನು ಹಿಡಿದು ನನ್ನ ಬಾಯನ್ನೇ ನೋಡಿದಳು,
"ಇನ್ನೊಂದು ಸಲ ಹೇಳು, ನಿಧಾನ."