ದಾರಕ್ಕೆ ಕಟ್ಟಿದ ಪೆನ್ಸಿಲ್

ದೇಶಗಳಿಗೆ ಅಂಕ ಕೊಡುವುದು ನನ್ನ ಕಸುಬು.
ಕೆನರಿ ವಾರ್ಫಿನ ಹತ್ತೊಂಬತ್ತನೇ ಮಹಡಿ,
ಕೆಳಗೆ ಥೇಮ್ಸ್ ನದಿ ಕಲಗಚ್ಚಿನ ಬಣ್ಣದಲ್ಲಿ
ಮಗ್ಗುಲು ಬದಲಿಸುತ್ತಿರುತ್ತದೆ.
ಸಾಲ ಎಷ್ಟು, ಬಡ್ಡಿ ಎಷ್ಟು,
ಖಜಾನೆಯಲ್ಲಿ ಇನ್ನೆಷ್ಟು ತಿಂಗಳಿಗಾಗುವಷ್ಟು ಡಾಲರು,
ಇವನ್ನೆಲ್ಲ ಕಣ್ಣು ಮುಚ್ಚಿ ತುಂಬುತ್ತೇನೆ.
ಕೈ ತಡೆಯುವುದು ಹನ್ನೊಂದನೇ ಕಾಲಮ್ಮಿನಲ್ಲಿ:
ಸಂಸ್ಥೆಗಳ ಬಲ. ಒಂದರಿಂದ ಆರು.

ಈ ಸಲದ ದೇಶದ ಹೆಸರು ಹೇಳುವಂತಿಲ್ಲ.
ಚಿಕ್ಕದು. ಒಂದೇ ಬಂದರು. ಗೇರುಬೀಜ.
ಚುನಾವಣೆ ಹತ್ತಿರ ಬಂದಾಗ ಅಲ್ಲಿನ ಅಧ್ಯಕ್ಷರು
ನೋಟು ಅಚ್ಚು ಹಾಕಿ ಎಂದರಂತೆ ಬ್ಯಾಂಕಿಗೆ.
ಗವರ್ನರು ಮಾತಾಡದೆ ಕಾನೂನಿನ ಪುಸ್ತಕ ತೆರೆದು
ಒಂದು ಕಲಮಿನ ಮೇಲೆ ಬೆರಳಿಟ್ಟರಂತೆ.
ಮರುದಿನ ಅವರು ಮಾಜಿ.
ಒಂಬತ್ತನೇ ದಿನ ಕೋರ್ಟು ಅವರನ್ನು
ಅದೇ ಕುರ್ಚಿಯಲ್ಲಿ ಕೂರಿಸಿತು.
ಅಲ್ಲಿಯವರೆಗೆ ನನ್ನ ಪರದೆಯ ಮೇಲೆ ಆ ನಾಡಿನ ಹಣ
ಕೈಜಾರಿದ ಕೊಡದ ಹಾಗೆ ಬಾವಿಯೊಳಗೆ ಇಳಿಯುತ್ತಿತ್ತು.
ಅವತ್ತು ಹಗ್ಗ ಬಿಗಿಯಿತು.
ಮೇಲೆ ಬರಲಿಲ್ಲ. ನಿಂತಿತು.

ಆ ದೇಶದವನೇ ಒಬ್ಬ ನಮ್ಮ ಕಟ್ಟಡದ ರಾತ್ರಿ ಪಾಳಿಯ ಕಾವಲಿಗೆ,
ಅರ್ಮಿಂದೊ. ನನ್ನ ಬ್ಯಾಡ್ಜು ನೋಡದೆಯೇ ಗೇಟು ತೆಗೆಯುತ್ತಾನೆ,
ನೋಡಬೇಕೆಂಬುದು ನಿಯಮ, ಅದನ್ನು ನಾನೂ ಹೇಳಿಲ್ಲ.
ಅವನ ತಂಗಿ ಅಲ್ಸಿಂಡಾ ಮೇಡಂ, ಐದನೇ ಕ್ಲಾಸಿಗೆ ಲೆಕ್ಕ.
ಎಣಿಕೆಯ ರಾತ್ರಿ ನಾಲ್ಕು ಜನ ಜೀಪಿನಲ್ಲಿ ಬಂದರು,
ಮೊತ್ತ ಬರೆದಿಟ್ಟ ಹಾಳೆ ತಂದಿದ್ದರು, ಸಹಿಯೊಂದೇ ಬಾಕಿ.
ಕೂಡಿದ್ದು ತಪ್ಪಾಗಿದೆ, ಅಂದಳಂತೆ ಅವಳು.
ಅಷ್ಟೇ. ಪ್ರಜಾಪ್ರಭುತ್ವ, ಗಿಜಾಪ್ರಭುತ್ವ ಏನೂ ಅನ್ನಲಿಲ್ಲ.
ಕೂಡಿದ್ದು ತಪ್ಪಾಗಿದೆ, ನಾಳೆ ಮಕ್ಕಳ ಮುಖ ಹೇಗೆ ನೋಡಲಿ?
ಕರೆಂಟು ಹೋಯಿತು, ಅಥವಾ ತೆಗೆದರು.
ಮೊಬೈಲು ಬೆಳಕಿನಲ್ಲಿ ಬೆಳಗಿನವರೆಗೆ
ಮತ್ತೆ ಎಣಿಸಿದಳು.

ಮರುವಾರ ಅವಳ ಬೀದಿಯ ಅಂಗಡಿಯಲ್ಲಿ
ಅಕ್ಕಿಯ ಬೆಲೆ ಏರಲಿಲ್ಲ.
ಏರದ ಬೆಲೆ ಯಾವ ಪತ್ರಿಕೆಗೆ ಸುದ್ದಿ?

ಅಲ್ಲಿ ಬೆರಳಿಗೆ ಹಚ್ಚಿದ ಶಾಯಿ ಮೈಸೂರಿನದೇ ಇರಬಹುದು.
ನನ್ನ ಚಿಕ್ಕಮ್ಮ ಆ ಕಾರ್ಖಾನೆಯಲ್ಲಿ
ಸೀಸೆಗಳಿಗೆ ಮುಚ್ಚಳ ಬಿಗಿಯುತ್ತಿದ್ದಳು,
ಉಗುರಿನ ಸಂದಿಯ ನೇರಳೆ ಮದುವೆಯ ದಿನಕ್ಕೂ ಹೋಗಿರಲಿಲ್ಲ.

ಇಲ್ಲಿ ಶಾಯಿಯಿಲ್ಲ.
ಮೇ ತಿಂಗಳ ಗುರುವಾರ, ವಾಲ್ತಮ್‌ಸ್ಟೋ,
ನಮ್ಮ ಮತಗಟ್ಟೆ ಒಂದು ಲಾಂಡ್ರಿ ಅಂಗಡಿ.
ಯಾರದೋ ಹಾಸಿಗೆ ಹೊದಿಕೆ ಒಳಗೆ ದಡಬಡ ಉರುಳುತ್ತಿದೆ.
ಭಾರತದ ಪಾಸ್‌ಪೋರ್ಟು ತೋರಿಸಿದೆ, ಅದೂ ನಡೆಯುತ್ತದೆ ಇಲ್ಲಿ.
ಡಿಲಿಸ್ ಎಂಬ ಮುದುಕಿ ನನ್ನ ಹೆಸರನ್ನು
ಹೇಮ್, ಗ್ಯಾಂಗ್, ಆ, ಎಂದು ಮೂರು ತುಂಡು ಮಾಡಿ
ಅಡಿಪಟ್ಟಿ ಇಟ್ಟು ಅದರ ಮೇಲೆ ನೇರ ಗೆರೆ ಎಳೆದಳು.
ರಟ್ಟಿನ ಮರೆಯಲ್ಲಿ, ದಾರಕ್ಕೆ ಕಟ್ಟಿದ ಗಿಡ್ಡ ಪೆನ್ಸಿಲ್.
ಅಳಿಸಿಬಿಡಬಹುದಲ್ಲ? ಹೊರಡುವಾಗ ಕೇಳಿದೆ.
ಅಳಿಸೋಕೆ ಯಾರಿಗಮ್ಮಾ ಪುರುಸೊತ್ತು, ಅಂದಳು.

ದಾರ ಕಟ್ಟಿರುವುದು ಪೆನ್ಸಿಲ್ ಕದಿಯದಿರಲೆಂದು.
ಅಳಿಸದಂತೆ ಕಟ್ಟಿರುವುದು ಬೇರೆ ಏನೋ,
ಕಣ್ಣಿಗೆ ಕಾಣದ್ದು; ಎಷ್ಟು ಹಳೆಯದು, ಎಷ್ಟು ಸವೆದಿದೆ,
ಯಾರೂ ಎಳೆದು ನೋಡುವುದಿಲ್ಲ.
ಬ್ರಿಟನ್ನಿನ ಫೈಲು ನಮ್ಮಲ್ಲಿ ಬೇರೆ ಮೇಜಿನದು.
ಅಲ್ಲಿ ಹನ್ನೊಂದನೇ ಕಾಲಮ್ಮನ್ನು
ಹೋದ ವರ್ಷದಿಂದ ಹಾಗೇ ಇಳಿಸಿಕೊಳ್ಳುತ್ತಾರೆ.
ಬೇಲಿ ಹೊಲ ಮೇಯುವುದು
ಬಡವರ ಹೊಲದಲ್ಲಿ ಮಾತ್ರವೆಂಬ ನಂಬಿಕೆ.

ರಾತ್ರಿ ವಾಪಸು ಹೋಗಿ ನಾಲ್ಕು ಎಂದು ತುಂಬಿದೆ.
ಮೂರು ಯಾಕಲ್ಲ? ಫರ್ಗಸ್ ಕೇಳಿದ. ಆಧಾರ?
ಟಿಪ್ಪಣಿಯ ಚೌಕದಲ್ಲಿ ಬರೆದೆ:
ಐದನೇ ಕ್ಲಾಸಿನ ಕೂಡುವ ಲೆಕ್ಕ.

ಅವನು ಅದನ್ನು ಅಳಿಸಿದ.
ನಾಲ್ಕು ಉಳಿಯಿತು.